ಚಹಾ ಕಾಯಿಸುವವನ ಸಾಕ್ಷಿ

ಉತ್ತರ ವೇಲ್ಸಿನ ಸ್ಲೇಟುಗಣಿಯಲ್ಲಿ
ನನ್ನ ಕೆಲಸ ಬೆಂಕಿ ಆರದಂತೆ ನೋಡಿಕೊಳ್ಳುವುದು.
ಹದಿನಾಲ್ಕು ತಗಡಿನ ಲೋಟ,
ಯಾವುದು ಯಾರದೆಂದು ನೆಗ್ಗಿನಿಂದಲೇ ಗುರುತು.
ಮಧ್ಯಾಹ್ನದ ಅರ್ಧ ಗಂಟೆ
ಆ ಕಲ್ಲುಗುಡಿಸಲೇ ಪಾರ್ಲಿಮೆಂಟು.
ಅಧ್ಯಕ್ಷರುಂಟು, ನಿಯಮವುಂಟು,
ನೆಲಕ್ಕೆ ಉಗುಳಿದರೆ ಅರ್ಧ ಪೆನ್ನಿ ದಂಡ.

ಆ ವಾರದ ವಿಷಯ:
ಗುರುವನ್ನು ಮೂವತ್ತು ನಾಣ್ಯಕ್ಕೆ ಮಾರಿದವನು
ಸತ್ತದ್ದು ಹೇಗೆ?

'ಒಂದು ಪುಟದಲ್ಲಿ ನೇಣು ಹಾಕಿಕೊಂಡ,' ಎಂದ ಇಥೆಲ್
ರೊಟ್ಟಿಯ ಅಂಚು ಕಚ್ಚುತ್ತ,
'ಇನ್ನೊಂದರಲ್ಲಿ ಹೊಲದಲ್ಲಿ ಬಿದ್ದು ಹೊಟ್ಟೆ ಒಡೆದುಕೊಂಡ.
ಒಬ್ಬನೇ ಮನುಷ್ಯ, ಇದ್ದದ್ದೊಂದು ಪ್ರಾಣ.
ದೇವರೇ ಬರೆಸಿದ್ದಾದರೆ
ಒಮ್ಮೆ ತಿರುಗಿ ಓದಿಸಿ ಕೇಳಬಾರದಿತ್ತೇ?'

ಹುಮ್‌ಫ್ರಾ ಚಾಪೆಲ್ಲಿನ ಹಿರಿಯರು,
ಗಡ್ಡದ ತುಂಬ ಯಾವಾಗಲೂ ಕಲ್ಲಿನ ಹಿಟ್ಟು.
'ಹಗ್ಗ ಹರಿದಿರಬೇಕು,' ಎಂದರು.
'ಮೊದಲು ನೇಣು, ಆಮೇಲೆ ಬಿದ್ದದ್ದು. ಎರಡೂ ನಿಜ.'
'ಹಗ್ಗ ಹರಿದದ್ದು ಯಾವ ಪುಟದಲ್ಲಿದೆ?'
'ಎಲ್ಲೂ ಇಲ್ಲ. ಹಗ್ಗದಲ್ಲಿ ನೇತಾಡಿ ಉಣ್ಣುವವರಿಗೆ
ಅದನ್ನು ಬರೆದು ತೋರಿಸಬೇಕೇ?'

ಎಲ್ಲರೂ ನಕ್ಕರು. ನಾನೂ ನಕ್ಕೆ,
ಯಾರ ಪರವೆಂದು ತಿಳಿಯದೆ.

ಇಥೆಲ್ ಕಲ್ಲು ಸೀಳುವುದನ್ನು ನೋಡಬೇಕಿತ್ತು.
ಉಳಿ ಇಟ್ಟು ಒಂದೇ ಪೆಟ್ಟು,
ಪುಟ ತೆರೆದಂತೆ ತೆರೆದುಕೊಳ್ಳುತ್ತಿತ್ತು.
ಒಮ್ಮೆ ಒಳಗೆ ಚಿಪ್ಪಿನ ಅಚ್ಚು.
'ಇದು ಎಷ್ಟನೆಯ ದಿನ ಹುಟ್ಟಿತು, ಹಿರಿಯರೇ?'
ಹುಮ್‌ಫ್ರಾ ಹೆಬ್ಬೆರಳಲ್ಲಿ ಬಹಳ ಹೊತ್ತು ಸವರಿದರು.
'ಚೆನ್ನಾಗಿದೆ,' ಎಂದರು.
ಕೋಟಿನ ಜೇಬಿಗೆ ಇಳಿಬಿಟ್ಟರು. ವಾಪಸು ಕೊಡಲಿಲ್ಲ.

ಮರುವಾರ ಮೆರೆದಿಥ್ ಸತ್ತ.
ತೊಡೆಗೆ ಸರಪಳಿ ಸುತ್ತಿಕೊಂಡು
ಬಂಡೆಯ ಮುಖದಲ್ಲಿ ಕುಳಿ ಕೊರೆಯುತ್ತಿದ್ದವನು.

ವಿಚಾರಣೆ ಹೋಟೆಲಿನ ಮಹಡಿಯಲ್ಲಿ,
ನಮಗೆ ಅರ್ಧಂಬರ್ಧ ತಿಳಿಯುವ ಇಂಗ್ಲಿಷಿನಲ್ಲಿ.
ಬೈಬಲ್ ಮೇಲೆ ಕೈಯಿಟ್ಟು ಹುಮ್‌ಫ್ರಾ ಹೇಳಿದರು:
ಸರಪಳಿ ತುಂಡಾಯಿತು, ಬಿದ್ದ.
ಇಥೆಲ್ ಗ್ರಂಥ ಮುಟ್ಟಲೊಲ್ಲ, ಬರಿಗೈ ಎತ್ತಿ ಹೇಳಿದ:
ಸರಪಳಿ ಗಟ್ಟಿಯಿತ್ತು, ಮೊದಲು ಬಂಡೆ ಜಾರಿತು.
ಇಬ್ಬರೂ ನಿಂತಿದ್ದು ಒಂದೇ ಕಟ್ಟೆಯ ಮೇಲೆ,
ಭುಜಕ್ಕೆ ಭುಜ ತಾಗುವಂತೆ.
ಇಬ್ಬರ ನಾಲಗೆಯ ಮೇಲೂ ಸುಳ್ಳು ಹೊರಳಿದ್ದನ್ನು ಕಂಡವರಿಲ್ಲ.

ಸರಪಳಿ ಕಂಪನಿಯದು, ಬಂಡೆ ಯಾರದೂ ಅಲ್ಲ.
ಕಂಪನಿಯ ವಕೀಲ ಇಥೆಲ್‌ನ ಮಾತನ್ನೇ ಹಿಡಿದುಕೊಂಡು
'ದೈವಕೃತ್ಯ' ಎಂದು ಬರೆಸಿದ.
ಮೆರೆದಿಥ್‌ನ ಹೆಂಡತಿಗೆ ಬಿಡಿಗಾಸೂ ಸಿಗಲಿಲ್ಲ.

ಎಂಟು ದಿನ ಗುಡಿಸಲಿನಲ್ಲಿ ಚರ್ಚೆಯಿಲ್ಲ,
ದಂಡದ ಡಬ್ಬಿಗೆ ಚಿಕ್ಕಾಸು ಬೀಳಲಿಲ್ಲ.
ಒಂಬತ್ತನೆಯ ದಿನ ಇಥೆಲ್
ಲೋಟದೊಳಗೇ ನೋಡುತ್ತ ಅಂದ:
'ನಮ್ಮಿಬ್ಬರಲ್ಲಿ ಒಬ್ಬರದು ತಪ್ಪು.'
'ಹೌದು,' ಎಂದರು ಹುಮ್‌ಫ್ರಾ,
'ಆದರೆ ಮೆರೆದಿಥ್ ಇಲ್ಲ.'
'ಅದನ್ನು ಅಲ್ಲವೆಂದವರು ಯಾರು?'
'ಯಾರೂ ಅಲ್ಲ. ನಾನು ಅದನ್ನೇ ಹೇಳುತ್ತಾ ಬಂದಿದ್ದು.'
'ಅಲ್ಲ,' ಎಂದ ಇಥೆಲ್, 'ನೀವು ಹೇಳುತ್ತಾ ಬಂದಿದ್ದು
ಇದಕ್ಕಿಂತ ಬಹಳ ಜಾಸ್ತಿ.'
ಅಷ್ಟರಲ್ಲಿ ಗಂಟೆ ಹೊಡೆಯಿತು.

ಇದೆಲ್ಲ ಆಗಿ ನಲವತ್ತು ವರ್ಷ.
ಆ ಹೊತ್ತಿನಲ್ಲಿ ನಾನು ಕಿಟಕಿಗೆ ಬೆನ್ನು ಹಾಕಿ
ಕುದಿಯುವ ನೀರು ನೋಡುತ್ತಿದ್ದೆ.
ಏನನ್ನೂ ಕಾಣಲಿಲ್ಲ.
ಆದರೂ ಕೇಳಿದವರಿಗೆಲ್ಲ ಹೇಳುತ್ತೇನೆ.
ನನ್ನ ಬಾಯಲ್ಲಿ ಕೆಲವು ಸಲ ಸರಪಳಿ ಹರಿಯುತ್ತದೆ,
ಕೆಲವು ಸಲ ಬಂಡೆ ಜಾರುತ್ತದೆ.
ಈಚೆಗೆ, ಬೀಳುವಾಗ ಅವನೊಂದು ಹೆಸರು ಕೂಗಿದ
ಎಂದೂ ಸೇರಿಸಿದ್ದೇನೆ. ಕೂಗಿರಬಹುದು.

ಹಿಡಿಯ ಪಕ್ಕದಲ್ಲಿ ನೆಗ್ಗಿದ್ದ ಅವನ ಲೋಟಕ್ಕೆ
ಆ ಮಧ್ಯಾಹ್ನ ಚಹಾ ಬಗ್ಗಿಸಿಟ್ಟಿದ್ದೆ.
ಸಂಜೆ ನೋಡಿದಾಗ ಮೇಲೆ ಕೆನೆಯಂತೆ ಧೂಳು.
ಅದೊಂದನ್ನು ಆಣೆಯಿಟ್ಟು ಹೇಳಬಲ್ಲೆ.
ಯಾವುದರ ಮೇಲೆ ಆಣೆ ಎಂದು ಮಾತ್ರ
ಕೇಳಬೇಡಿ.